ಬೀಸೋ ದೊಣ್ಣೆ ತಪ್ಪಿಸಿಕೊಳ್ಳುವ ಕೈಪಿಡಿ

(ಕಚೇರಿ ನೌಕರರ ಉಪಯೋಗಕ್ಕೆ ಮಾತ್ರ. ಬಳಸುವ ಮುನ್ನ ಪೂರ್ತಿ ಓದಿಕೊಳ್ಳಿ. ಓದಿದ್ದಕ್ಕೆ ಸಹಿ ಮಾಡಬೇಡಿ.)

1. ಪರಿಚಯ

ಕೆಲಸಕ್ಕೆ ಸೇರಿದ ದಿನ ಕಚೇರಿ ನಿಮಗೆ ಮೇಜು, ಕುರ್ಚಿ, ಗುರುತಿನ ಚೀಟಿ, ಇ-ಆಫೀಸ್ ಪಾಸ್‌ವರ್ಡ್ ಎಲ್ಲ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಈ ಕೈಪಿಡಿಯನ್ನು ಮಾತ್ರ ಕೊಡುವುದಿಲ್ಲ. ಅದನ್ನು ಹಿರಿಯ ಸಹೋದ್ಯೋಗಿಗಳು ಕ್ಯಾಂಟೀನಿನಲ್ಲಿ ಬೈಟು ಕಾಫಿ ಹೀರುತ್ತ ಬಾಯಿಪಾಠ ಮಾಡಿಸುತ್ತಾರೆ. ಮುದ್ರಿತ ಪ್ರತಿ ಇಲ್ಲವೆಂಬ ಕೊರತೆ ನೀಗಲೆಂದು ಈ ಆವೃತ್ತಿ.

ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೊರೆದಿದೆ. ದೇವರು ತಪ್ಪು ಮಾಡುವುದಿಲ್ಲ, ಆದ್ದರಿಂದ ಕಚೇರಿಯೂ ಮಾಡುವಂತಿಲ್ಲ. ಆದರೂ ತಪ್ಪುಗಳು ಆಗಿಬಿಡುತ್ತವೆ. ಆದ ತಪ್ಪನ್ನು ಯಾರ ತಲೆಗೆ ಕಟ್ಟುವುದು, ಆಗದ ಹಾಗೆ ಏನನ್ನೂ ಮಾಡದೆ ಇರುವುದು ಹೇಗೆ ಎಂಬ ಎರಡು ವಿದ್ಯೆಗಳನ್ನು ಇಲ್ಲಿ ಹಂತಹಂತವಾಗಿ ಕಲಿಸಲಾಗಿದೆ. ಬೀಸೋ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಎನ್ನುತ್ತಾರೆ. ಕರ್ನಾಟಕ ಸರ್ಕಾರಿ ನೌಕರಿಯಲ್ಲಿ 60 ತುಂಬುವವರೆಗೆ ತಪ್ಪಿದರೆ ಸಾಕು.

2. ಪೆಟ್ಟಿಗೆಯೊಳಗೆ ಏನೇನಿದೆ

ಸಹಿ: ಒಂದು. ಸ್ವಂತದ್ದು. ಎಷ್ಟು ಕಡಿಮೆ ಬಳಸುತ್ತೀರೋ ಅಷ್ಟು ದಿನ ಬಾಳಿಕೆ ಬರುತ್ತದೆ.

ಕಿರುಸಹಿ: ಯಾರದೆಂದು ನಿಮಗೇ ಗುರುತು ಹತ್ತದ ಹಾಗಿರಬೇಕು.

ಮೇಲಧಿಕಾರಿ: ತೀರ್ಮಾನಗಳನ್ನು ಇಡುವ ಅಟ್ಟ.

ಕೆಳಗಿನವರು: ತಪ್ಪುಗಳನ್ನು ಇಡುವ ನೆಲಮಾಳಿಗೆ. ಹೊರಗುತ್ತಿಗೆಯವರು ಸಿಕ್ಕರೆ ಉತ್ತಮ.

ಸರ್ವರ್: ಈ ಪೆಟ್ಟಿಗೆಯ ಅತ್ಯಂತ ಬೆಲೆಬಾಳುವ ವಸ್ತು. ಸಂಬಳ ಕೇಳುವುದಿಲ್ಲ, ಬಡ್ತಿ ಬಯಸುವುದಿಲ್ಲ, ಕಾರಣ ಕೇಳಿ ನೋಟಿಸು ಕೊಟ್ಟರೆ ಉತ್ತರಿಸುವುದಿಲ್ಲ. “ಯಾಕ್ರೀ ಹಿಂಗಾಯ್ತು?” ಎಂದು ಸಾಹೇಬರು ಕೇಳಿದಾಗ “ಸಾಫ್ಟ್‌ವೇರೇ ಹಂಗೆ ತಗೊಂಡ್ಬಿಡ್ತು ಸಾರ್” ಎಂದರೆ ಮುಗಿಯಿತು. ಸಾಹೇಬರಿಗೂ ಬೇಕಾಗಿದ್ದದ್ದು ಅದೇ.

3. ಮೊದಲ ಬಳಕೆಗೆ ಮುನ್ನ ಕಲಿಯಬೇಕಾದ ಲೆಕ್ಕ

ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿಗೆಂದೇ 1957ರ ಒಂದು ಕಟ್ಟು ಇದೆ. ಅದರ 8ನೇ ನಿಯಮ ದಂಡನೆಗಳ ಏಣಿ. ವಾಗ್ದಂಡನೆಯಿಂದ ಹಿಡಿದು ವೇತನ ಬಡ್ತಿ ತಡೆ, ನಷ್ಟ ವಸೂಲಿ, ಹಿಂಬಡ್ತಿ, ಕಡ್ಡಾಯ ನಿವೃತ್ತಿಯ ಮೂಲಕ ವಜಾವರೆಗೆ ಮೆಟ್ಟಿಲುಗಳಿವೆ. 10ನೇ ನಿಯಮ ಅಮಾನತಿನದು. ಅಮಾನತು ದಂಡನೆಯೇ ಅಲ್ಲ ಎಂದು ನಿಯಮ ಬಲ್ಲವರು ಹೇಳುತ್ತಾರೆ. ಅರ್ಧ ಸಂಬಳದ ಜೀವನಾಧಾರ ಭತ್ಯೆಯಲ್ಲಿ ಮಗಳ ಶಾಲೆ ಫೀಸು ಕಟ್ಟುವವರಿಗೆ ಮಾತ್ರ ಹಾಗನ್ನಿಸುವುದಿಲ್ಲ.

ಇದು ಏನನ್ನಾದರೂ ಮಾಡಿ ತಪ್ಪಿದವರ ಪಾಡು. ಏನನ್ನೂ ಮಾಡದವರ ಪಾಡು ನೋಡೋಣ. ನಾಗರಿಕರಿಗೆ ಗೊತ್ತಾದ ದಿನದೊಳಗೆ ಸೇವೆ ಸಿಗಲೆಂದು ನಮ್ಮ ರಾಜ್ಯ 2011ರಲ್ಲಿ ಕಾನೂನು ಮಾಡಿತು. ನಾವೆಲ್ಲ ‘ಸಕಾಲ’ ಎನ್ನುವುದು ಅದನ್ನೇ. ಒಳ್ಳೆಯ ಕಾನೂನು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಒಂದು ಅರ್ಜಿಗೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಅರ್ಜಿದಾರರಿಗೆ ಕೊಡಬೇಕು, ತಡಮಾಡಿದವರ ಸಂಬಳದಿಂದ ಹಿಡಿಯಬೇಕು ಎನ್ನುತ್ತದೆ.

ಭಾಗಾಕಾರ ಬರುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 500ನ್ನು 20ರಿಂದ ಭಾಗಿಸಿದರೆ 25. ಅಂದರೆ ಗಡುವು ಮುಗಿದು 25 ದಿನ ಕಳೆದ ಮೇಲೆ ಅದೇ ಅರ್ಜಿಯನ್ನು ಇನ್ನೆಷ್ಟು ತಡಮಾಡಿದರೂ ಪರಿಹಾರದ ಮೊತ್ತ ಏರುವುದಿಲ್ಲ. ದಾಖಲೆ ಸಾಲದೆಂದು ಅರ್ಜಿಯನ್ನು ತಿರಸ್ಕರಿಸಿಬಿಟ್ಟರೆ ಅಷ್ಟೂ ಇಲ್ಲ, ಅದು ‘ವಿಲೇವಾರಿ’ ಕಾಲಮ್ಮಿಗೆ ಹೋಗುತ್ತದೆ.

ಮಾಡಿದ ತಪ್ಪಿಗೆ ಏಣಿ, ಮಾಡದ ತಪ್ಪಿಗೆ 500 ರೂಪಾಯಿ. ಮುಂದಿನ ಅಧ್ಯಾಯಗಳೆಲ್ಲ ಈ ಒಂದು ಲೆಕ್ಕದ ವಿಸ್ತರಣೆ.

4. ಕಡತ ಚಲಾಯಿಸುವ ಕ್ರಮ (ಮಾದರಿ ಪ್ರಕರಣ ಸಹಿತ)

ಅರ್ಜಿದಾರರು ಹನುಮಂತಪ್ಪ ಎಂಬ ರೈತರು ಎಂದಿಟ್ಟುಕೊಳ್ಳೋಣ. ಪಹಣಿಯಲ್ಲಿ ಅವರ ಹೆಸರು ಹನುಮಂತಮ್ಮ ಎಂದಾಗಿದೆ. ಆಧಾರ್ ಕಾರ್ಡು, ರೇಷನ್ ಕಾರ್ಡು, ಮತದಾರರ ಚೀಟಿ ಮತ್ತು ಸ್ವತಃ ಹನುಮಂತಪ್ಪನವರ ಮೀಸೆ, ನಾಲ್ಕೂ ಅವರ ಪರವಾಗಿ ಸಾಕ್ಷಿ ಹೇಳುತ್ತಿವೆ. ಸೊಸೈಟಿಯಲ್ಲಿ ಬೆಳೆಸಾಲ ನವೀಕರಿಸಲು ಹೋದಾಗ ಹೆಸರು ಹೊಂದುತ್ತಿಲ್ಲವೆಂದು ವಾಪಸು ಕಳಿಸಿದ್ದಾರೆ. ಒಂದು ಒತ್ತಕ್ಷರ ಬದಲಾಗಬೇಕು. ಬಿತ್ತನೆಗೆ ಮಳೆ ಕಾದಿದೆ.

ಮೊದಲ ಹಂತ. ವಿಷಯ ನಿರ್ವಾಹಕರು ಟಿಪ್ಪಣಿ ಬರೆಯುತ್ತಾರೆ: “ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಅರ್ಜಿದಾರರ ಹೆಸರಿನಲ್ಲಿ ವ್ಯತ್ಯಾಸವಿರುವುದು ಕಂಡುಬರುತ್ತದೆ. ಮುಂದಿನ ಸೂಕ್ತ ಆದೇಶಕ್ಕಾಗಿ ಮಂಡಿಸಿದೆ.” ಗಮನಿಸಿ, ಯಾರು ಪರಿಶೀಲಿಸಿದರು, ಯಾರಿಗೆ ಕಂಡಿತು, ತಿದ್ದಬೇಕೋ ಬೇಡವೋ ಎಂಬ ಯಾವ ಗುಟ್ಟೂ ಇದರಲ್ಲಿ ಬಯಲಾಗಿಲ್ಲ. ಆದರೂ ಕೆಲಸ ನಡೆದಿದೆ.

ಎರಡನೇ ಹಂತ. ಶಿರಸ್ತೇದಾರರು: “ಗ್ರಾಮ ಆಡಳಿತ ಅಧಿಕಾರಿಯಿಂದ ವರದಿ ಪಡೆದು ಮಂಡಿಸಿ.” ಕಡತ ಕೆಳಗಿಳಿಯಿತು.

ಮೂರನೇ ಹಂತ. ಗ್ರಾಮ ಆಡಳಿತ ಅಧಿಕಾರಿ ಮಹಜರು ಮಾಡಿ, ಊರಿನ ಪಂಚರ ಸಹಿ ಹಾಕಿಸಿ ವರದಿ ಕೊಡುತ್ತಾರೆ: “ಹನುಮಂತಪ್ಪ ಮತ್ತು ಹನುಮಂತಮ್ಮ ಇಬ್ಬರೂ ಒಬ್ಬರೇ ಎಂದು ಹೇಳಿಕೆಗಳಿಂದ ತಿಳಿದುಬರುತ್ತದೆ. ಸೂಕ್ತವೆಂದು ಕಂಡುಬಂದಲ್ಲಿ ತಿದ್ದುಪಡಿ ಮಾಡಬಹುದಾಗಿರುತ್ತದೆ.” ‘ಸೂಕ್ತವೆಂದು ಕಂಡುಬಂದಲ್ಲಿ’ ಎಂಬುದು ಈ ವಾಕ್ಯದ ಹೆಲ್ಮೆಟ್. ಇಲ್ಲದೆ ರಸ್ತೆಗಿಳಿಯಬಾರದು.

ನಾಲ್ಕನೇ ಹಂತ. ತಹಶೀಲ್ದಾರರು ಕಡತದ ಅಂಚಿನಲ್ಲಿ “ಚರ್ಚಿಸಿ” ಎಂದು ಬರೆಯುತ್ತಾರೆ. ಚರ್ಚೆಯಲ್ಲಿ ಏನು ಮಾತಾಯಿತು ಎಂಬುದು ಕಡತದಲ್ಲಿ ಇರುವುದಿಲ್ಲ. ಚರ್ಚೆಯ ಪ್ರಯೋಜನವೇ ಅದು.

ಐದನೇ ಹಂತ, ಎಲ್ಲ ಹಂತಗಳ ಕಳಶ: “ನಿಯಮಾನುಸಾರ ಕ್ರಮ ವಹಿಸಿ.” ಕಚೇರಿ ಸಾಹಿತ್ಯದಲ್ಲಿ ಇದನ್ನು ಮೀರಿಸುವ ಸಾಲಿಲ್ಲ. ಕೆಲಸ ಸರಿಹೋದರೆ ಆದೇಶ ಕೊಟ್ಟದ್ದು ನಾನು. ಎಡವಟ್ಟಾದರೆ ನಿಯಮ ಮೀರಿದ್ದು ನೀವು. ಕಡತ ಹಿಂತಿರುಗಿದಾಗ ಹೊರಟಲ್ಲೇ ಇರುತ್ತದೆ, ಪುಟಗಳು ಮಾತ್ರ ಹೆಚ್ಚಾಗಿರುತ್ತವೆ.

ಎಚ್ಚರಿಕೆ: ಇವರಲ್ಲಿ ಯಾರೂ ಸೋಮಾರಿಗಳಲ್ಲ, ಲಂಚಕೋರರೂ ಅಲ್ಲ. ಎಲ್ಲರಿಗೂ ಹನುಮಂತಪ್ಪನವರ ಮೇಲೆ ಕನಿಕರವಿದೆ. ಒಬ್ಬೊಬ್ಬರೂ ತಮ್ಮ ಪಾಲಿನ ಜಾಗ್ರತೆಯನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದೇ ಲಕ್ಷಣ.

5. ತಪ್ಪು ಹೊರಬಿದ್ದಾಗ: ಐದು ಪ್ರಶ್ನೆಗಳ ಪರೀಕ್ಷೆ

ಜಪಾನಿನ ಟೊಯೋಟಾದವರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಏನಾದರೂ ಕೆಟ್ಟರೆ ‘ಏಕೆ’ ಎಂದು ಐದು ಸಲ ಕೇಳಬೇಕು. ನಮ್ಮ ಪಹಣಿಗೆ ಅದನ್ನು ಹಚ್ಚಿದರೆ ಹೀಗಾಗುತ್ತದೆ. ಹೆಸರು ತಪ್ಪಾದದ್ದು ಏಕೆ? ಗಣಕಕ್ಕೆ ಏರಿಸುವಾಗ ತಪ್ಪಿತು. ಅದೇಕೆ? ಹಳೆಯ ಕೈಬರಹ ಸರಿಯಾಗಿ ಕಾಣುತ್ತಿರಲಿಲ್ಲ. ಕಾಣದಿದ್ದರೂ ಏರಿಸಿದ್ದೇಕೆ? ಅನುಮಾನ ಬಂದರೆ ಗುರುತು ಹಾಕಿ ಪಕ್ಕಕ್ಕಿಡಲು ಅವಕಾಶವೇ ಇರಲಿಲ್ಲ. ಅದೇಕೆ? ದಿನಕ್ಕೆ ಇಷ್ಟು ಪುಟ ಮುಗಿಸಬೇಕೆಂಬ ಗುರಿ ಇತ್ತು. ಗುರಿಯಲ್ಲಿ ಪರಿಶೀಲನೆಯ ಸಮಯ ಸೇರಿಸಿರಲಿಲ್ಲವೇಕೆ?

ಇಲ್ಲಿ ನಿಲ್ಲಿಸಿ! ಐದನೇ ‘ಏಕೆ’ ಗುರಿ ಇಟ್ಟವರ ಕೊಠಡಿಯ ಬಾಗಿಲು ತಟ್ಟುತ್ತಿದೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದ ‘ಭೂಮಿ’ಯಂಥ ದೊಡ್ಡ ಕೆಲಸದಲ್ಲಿ ಒಂದಷ್ಟು ಅಕ್ಷರ ತಪ್ಪುವುದು ಸಹಜ. ತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡಿದ್ದರೆ ತಿದ್ದುವ ದಾರಿಯನ್ನೂ ಅಷ್ಟೇ ಅಗಲವಾಗಿ ಮಾಡಬಹುದಿತ್ತು. ಆದರೆ ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ನಮ್ಮ ಪದ್ಧತಿಯಲ್ಲಿ ‘ಏಕೆ’ ಎನ್ನುವ ಕಡೆಯೆಲ್ಲ ‘ಯಾರು’ ಎಂದು ಓದಿಕೊಳ್ಳಬೇಕು. ಯಾರು ಸಹಿ ಮಾಡಿದ್ದು? ಯಾರು ಮಂಡಿಸಿದ್ದು? ಯಾರು ಟೈಪ್ ಮಾಡಿದ್ದು? ಪ್ರಶ್ನೆಗಳು ಇಳಿಜಾರಿನಲ್ಲಿ ಸರಾಗವಾಗಿ ಇಳಿದು ಹೊರಗುತ್ತಿಗೆಯ ಡಾಟಾ ಎಂಟ್ರಿ ಆಪರೇಟರ್ ಹತ್ತಿರ ನಿಲ್ಲುತ್ತವೆ. ಐದನೆಯದು ಬೇಕಾಗುವುದೇ ಇಲ್ಲ. “ಸಂಬಂಧಪಟ್ಟವರನ್ನು ಕರ್ತವ್ಯದಿಂದ ಬಿಡುಗಡೆಗೊಳಿಸಲಾಗಿದೆ” ಎಂದು ಬರೆದು ಕಡತ ಮುಕ್ತಾಯಗೊಳಿಸಿ.

6. ಅಪಾಯ ಎದುರಿಸುವ ಗುಂಡಿ

ಉಪಕರಣದ ಹಿಂಭಾಗದಲ್ಲಿ ಕೆಂಪು ಗುಂಡಿಯೊಂದಿದೆ. ‘ಸ್ವಂತ ವಿವೇಚನೆ’ ಎಂದು ಬರೆದಿರುತ್ತದೆ. ಒತ್ತಬೇಡಿ.

ಒತ್ತಿದರೆ ಏನಾಗುತ್ತದೆ ಎಂಬುದಕ್ಕೆ ಟೆಂಡರ್ ಉದಾಹರಣೆ ಸಾಕು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ನಮ್ಮಲ್ಲಿ 1999ರ ಅಧಿನಿಯಮವಿದೆ, ಇರಬೇಕಾದದ್ದೇ. ಆದರೆ ಎಲ್-1, ಅಂದರೆ ಅತಿ ಕಡಿಮೆ ದರ ಕೂಗಿದವನು, ನಿಮ್ಮ ಕುಲದೇವರು. ಅವನಿಗೆ ಕೊಟ್ಟ ರಸ್ತೆ ಮೊದಲ ಮಳೆಗೇ ಕಿತ್ತುಹೋದರೆ ಆ ವರ್ಷ ಮಳೆ ಜಾಸ್ತಿ. ಕೆಲಸ ಬಲ್ಲವನೆಂದು ಎರಡನೆಯವನಿಗೆ ಕೊಟ್ಟು ರಸ್ತೆ ಹತ್ತು ಮಳೆಗಾಲ ಬಾಳಿದರೆ ನಿಮ್ಮ ಹೆಸರಿಗೆ ಒಂದು ಆಡಿಟ್ ಪ್ಯಾರಾ. ರಸ್ತೆಗೆ ಆಯಸ್ಸು ಉಂಟು, ಆಡಿಟ್ ಪ್ಯಾರಾಕ್ಕೆ ಸಾವಿಲ್ಲ. ನಿವೃತ್ತಿಯ ದಿನ ಬೇಬಾಕಿ ಪ್ರಮಾಣಪತ್ರ ಕೇಳಲು ಹೋದಾಗ ಅದು ಎದ್ದು ಕೂರುತ್ತದೆ.

ಈ ಅಂಜಿಕೆ ಬರೀ ಗಾಳಿಯ ಗುಮ್ಮನಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 13(1)(ಡಿ) ಕಲಮಿನಲ್ಲಿ, ಸಾರ್ವಜನಿಕ ಹಿತವಿಲ್ಲದೆ ಯಾರಿಗಾದರೂ ಲಾಭ ಮಾಡಿಕೊಟ್ಟರೆ ಅದೂ ಅಪರಾಧವೆಂಬ ಮಾತಿತ್ತು. ಅಧಿಕಾರಿ ತನ್ನ ಜೇಬಿಗೆ ರೂಪಾಯಿ ಇಳಿಸಿರಬೇಕೆಂದೇನೂ ಇರಲಿಲ್ಲ. ತೀರ್ಮಾನ ಕೆಟ್ಟಿದ್ದಕ್ಕೂ ಅಧಿಕಾರಿ ಕೆಟ್ಟಿದ್ದಕ್ಕೂ ನಡುವಿನ ಗೆರೆ ಅಳಿಸಿಹೋಗಿತ್ತು. 2018ರ ತಿದ್ದುಪಡಿ ಆ ಮಾತನ್ನು ತೆಗೆಯಿತು, ಅಧಿಕೃತ ತೀರ್ಮಾನಗಳ ತನಿಖೆಗೆ ಪೂರ್ವಾನುಮತಿ ಬೇಕೆಂಬ 17ಎ ಕಲಮನ್ನು ಸೇರಿಸಿತು. ಕಾಯ್ದೆಯನ್ನು ಸಂಸತ್ತಿನ ಅಧಿವೇಶನ ತಿದ್ದಿತು. ಮೂವತ್ತು ವರ್ಷ ಕ್ಯಾಂಟೀನಿನಲ್ಲಿ ಕಲಿಸಿದ ಪಾಠ ತಿದ್ದುವ ಅಧಿವೇಶನ ಇನ್ನೂ ಕರೆದಿಲ್ಲ.

ಉಪಯುಕ್ತ ಸೂಚನೆ: ನಿಜವಾದ ಕಳ್ಳರಿಗೆ ಈ ಗುಂಡಿಯ ಭಯವಿಲ್ಲ. ಕಳ್ಳನ ಕಡತ ಯಾವತ್ತೂ ಅಚ್ಚುಕಟ್ಟು. ಆಡಿಟ್ ಬರುತ್ತದೆಂದು ಗೊತ್ತಿದ್ದೇ ಅವನು ಪ್ರತಿ ಕಾಗದವನ್ನೂ ಜೋಡಿಸಿರುತ್ತಾನೆ. ನೆರೆ ಬಂದ ರಾತ್ರಿ ಜನರಿಗೆ ಊಟ ಸಿಕ್ಕರೆ ಸಾಕೆಂದು ಮೂರು ದರಪಟ್ಟಿ ತರಿಸದೆ ಅಕ್ಕಿ ಕೊಂಡವರ ಕಡತದಲ್ಲಿ ಮಾತ್ರ ತೂತು ಕಾಣುತ್ತದೆ.

7. ಖಾಸಗಿ ಆವೃತ್ತಿ

ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಇದೇ ಉಪಕರಣ ಬೇರೆ ಬಣ್ಣದಲ್ಲಿ ಸಿಗುತ್ತದೆ. ಗೋಡೆಯ ಮೇಲೆ ‘ಫೇಲ್ ಫಾಸ್ಟ್’ ಎಂಬ ಪೋಸ್ಟರ್ ಇರುತ್ತದೆ. ಅದನ್ನು ಅಂದಕ್ಕೆ ಹಾಕಿದ್ದು, ಅನುಸರಿಸಲಿಕ್ಕಲ್ಲ. ಟಿಪ್ಪಣಿಯ ಬದಲು ಇಲ್ಲಿ ‘ಆ್ಯಸ್ ಡಿಸ್ಕಸ್ಡ್’ ಎಂದು ಶುರುವಾಗುವ ಮೇಲ್, ‘ಮಂಡಿಸಿದೆ’ ಎನ್ನುವುದರ ಬದಲು ಹದಿನೈದು ಜನರ ಸಿಸಿ. ತಪ್ಪು ನಡೆದ ಮೇಲೆ ಯಾರನ್ನೂ ದೂರದ ಪೋಸ್ಟ್‌ಮಾರ್ಟಮ್ ಸಭೆ ಕರೆಯುತ್ತಾರೆ. ಸಭೆಯಲ್ಲಿ ಯಾರ ಹೆಸರೂ ಬರುವುದಿಲ್ಲ, ಹೆಸರು ಬರುವುದು ಅಪ್ರೈಸಲ್‌ನಲ್ಲಿ. ಅಲ್ಲಿಂದ ಮುಂದೆ ಪಿಐಪಿ (ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್) ಎಂಬ ಮೂರಕ್ಷರದ ಕಾಯಿಲೆ. ಇದಕ್ಕೆ ಮದ್ದು, ಹೊಸದನ್ನು ಪ್ರಯತ್ನಿಸುವ ಟಿಕೆಟ್ ಕಂಡರೆ “ಬ್ಯಾಂಡ್‌ವಿಡ್ತ್ ಇಲ್ಲ” ಎನ್ನುವುದು. ಸರ್ಕಾರಿ ನೌಕರರು ಇದನ್ನೇ ಕನ್ನಡದಲ್ಲಿ “ಸಿಬ್ಬಂದಿ ಕೊರತೆ ಇರುತ್ತದೆ” ಎನ್ನುತ್ತಾರೆ.

8. ದೋಷ ಪತ್ತೆ ಮತ್ತು ಪರಿಹಾರ

ದೋಷ: ತಪ್ಪು ಮಾಡಿದವರನ್ನು ತೆಗೆದುಹಾಕಿದರೂ ಅದೇ ತಪ್ಪು ಮರುಕಳಿಸುತ್ತಿದೆ.

ವಿವರ: ಕರ್ನಾಟಕ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಹೇಗಿತ್ತೆಂದರೆ, ಕನ್ನಡದಲ್ಲೇ ಓದಿ ಬಂದವರು ಪ್ರಶ್ನೆ ಅರ್ಥವಾಗದೆ ಇಂಗ್ಲಿಷ್ ಪುಟ ತಿರುವಬೇಕಾಯಿತು. ಗಲಾಟೆಯಾಯಿತು. ಹೊಣೆಗಾರರನ್ನು ಕರ್ತವ್ಯದಿಂದ ಬಿಡುಗಡೆ ಮಾಡಿರುವುದಾಗಿಯೂ ಮರುಪರೀಕ್ಷೆ ನಡೆಸುವುದಾಗಿಯೂ ಮುಖ್ಯಮಂತ್ರಿಗಳು ಪ್ರಕಟಿಸಿದರು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲೂ ಅನುವಾದದ ತಪ್ಪುಗಳೆಂದು ಅಭ್ಯರ್ಥಿಗಳು ಮತ್ತೆ ಬೀದಿಗಿಳಿದರು.

ಸಂಭವನೀಯ ಕಾರಣ: ‘ಯಾರು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದ ‘ಹೇಗೆ’ ಎಂಬ ಪ್ರಶ್ನೆಗೆ ಬಿಡುವಾಗಲಿಲ್ಲ.

ಪರಿಹಾರ: ಇನ್ನೊಬ್ಬರನ್ನು ತೆಗೆದುಹಾಕಿ. ದೋಷ ಮುಂದುವರಿದರೆ ಇದೇ ಹಂತವನ್ನು ಪುನರಾವರ್ತಿಸಿ.

ದೋಷ: ವರ್ಷದಿಂದ ವರ್ಷಕ್ಕೆ ನಿಮ್ಮ ಶಾಖೆಯಲ್ಲಿ ತಪ್ಪುಗಳೇ ವರದಿಯಾಗುತ್ತಿಲ್ಲ.

ಪರಿಹಾರ: ಇದು ದೋಷವಲ್ಲ, ಪ್ರಶಸ್ತಿಗೆ ಅರ್ಜಿ ಹಾಕಿ. ಏಮಿ ಎಡ್ಮಂಡ್‌ಸನ್ ಎಂಬ ಹಾರ್ವರ್ಡ್‌ನ ವಿದ್ವಾಂಸೆ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಧ್ಯಯನ ಮಾಡಿದರು. ಚೆನ್ನಾಗಿ ಕೆಲಸ ಮಾಡುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂದುಕೊಂಡರೆ, ಅಲ್ಲೇ ಹೆಚ್ಚು ದಾಖಲಾಗಿದ್ದವು. ಆ ತಂಡಗಳಲ್ಲಿ ದಾದಿಯರು ತಪ್ಪನ್ನು ಬಾಯಿಬಿಟ್ಟು ಹೇಳಬಹುದಿತ್ತು, ಬೈಗುಳ ತಿನ್ನುವ ತಂಡಗಳಲ್ಲಿ ಮುಚ್ಚಿಡುತ್ತಿದ್ದರು. ಇಂಥ ಸಂಶೋಧನೆಗಳಿಂದ ದೂರವಿರಿ. ಪ್ರಶಸ್ತಿ ಸಮಿತಿಯವರ ಕೈಗಂತೂ ಸಿಗಬಾರದು.

9. ಹೊಂದಿಕೆಯಾಗದ ಬಿಡಿಭಾಗಗಳು

ಮಾರುಕಟ್ಟೆಯಲ್ಲಿ ಸಿಗುವ ಈ ಕೆಳಗಿನ ಬಿಡಿಭಾಗಗಳನ್ನು ನಿಮ್ಮ ಉಪಕರಣಕ್ಕೆ ಜೋಡಿಸಿದರೆ ಕಂಪನಿ ಜವಾಬ್ದಾರಿಯಲ್ಲ.

ಆಂಡಾನ್ ಹಗ್ಗ: ಟೊಯೋಟಾ ಪದ್ಧತಿಯ ಕಾರ್ಖಾನೆಯಲ್ಲಿ ಸಾಲಿನಲ್ಲಿ ನಿಂತ ಯಾವ ಕಾರ್ಮಿಕರೇ ಆಗಲಿ, ಏನೋ ಸರಿಯಿಲ್ಲ ಅನ್ನಿಸಿದರೆ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಮುಖಂಡರು ಓಡಿಬರುತ್ತಾರೆ, ಆಗಿಂದಾಗಲೇ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ನಮ್ಮಲ್ಲಿ ಹಗ್ಗ ಎಳೆದವರಿಗೆ ಮೊದಲು ಕೇಳುವ ಪ್ರಶ್ನೆ, “ಎಳೀರಿ ಅಂತ ಯಾರ್ರೀ ಹೇಳಿದ್ದು ನಿಮಗೆ?”

ಪೈಲಟ್ಟುಗಳ ವರದಿ ಪೆಟ್ಟಿಗೆ: ಅಮೆರಿಕದಲ್ಲಿ 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸುತ್ತಿದೆ. ವಿಮಾನ ಹಾರಿಸುವವರು ಬೇಕೆಂದು ಮಾಡದ ತಪ್ಪನ್ನು ಹತ್ತು ದಿನದೊಳಗೆ ತಾವೇ ಬರೆದು ಕಳಿಸಿದರೆ ಸಾಮಾನ್ಯವಾಗಿ ದಂಡವಿಲ್ಲ, ಲೈಸೆನ್ಸ್ ಅಮಾನತಿಲ್ಲ. ಅಪಘಾತ, ಅಪರಾಧಗಳಿಗೆ ಈ ರಿಯಾಯಿತಿ ಇಲ್ಲ. ವರದಿ ತೆಗೆದುಕೊಳ್ಳುವುದು ದಂಡಿಸುವ ಇಲಾಖೆಯಲ್ಲ, ಬೇರೆ ಸಂಸ್ಥೆ. ತಪ್ಪೊಪ್ಪಿಗೆ ಕೇಳುವವರೂ ದೊಣ್ಣೆ ಹಿಡಿದವರೂ ಬೇರೆಯಾಗಿಬಿಟ್ಟರೆ ನಮ್ಮ ಉಪಕರಣದ ಮೋಟರು ಸುಟ್ಟುಹೋಗುತ್ತದೆ.

ಧವನ್ ಮಾದರಿ ಮೇಲಧಿಕಾರಿ: 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತು ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ನೀನೇ ಹೋಗಿ ಮಾತಾಡು ಎಂದು ಕಲಾಂ ಅವರನ್ನು ಕಳಿಸಿದರು. ಈ ಕಥೆಯನ್ನು ಆಡಳಿತ ತರಬೇತಿಗಳಲ್ಲಿ ಪವರ್‌ಪಾಯಿಂಟ್ ಹಾಕಿ ಹೇಳುವುದುಂಟು, ಸಭಿಕರ ಕಣ್ಣು ಒದ್ದೆಯಾಗುವುದೂ ಉಂಟು. ಹೇಳುವಾಗ ಒಂದು ಅಂಶವನ್ನು ಬಿಟ್ಟುಬಿಡಬೇಕು. ಎರಡು ಉಡಾವಣೆಗಳ ನಡುವಿನ ಹನ್ನೊಂದು ತಿಂಗಳು ಕಲಾಂ ಅದೇ ಹುದ್ದೆಯಲ್ಲಿದ್ದರು. ರಾಕೆಟ್ ಏಕೆ ಬಿತ್ತೆಂದು ಚೆನ್ನಾಗಿ ಬಲ್ಲ ತಂಡದ ಕೈಗೇ ಎರಡನೇ ರಾಕೆಟ್ಟನ್ನೂ ಕೊಟ್ಟರು. ಈ ಭಾಗ ಕೇಳಿದರೆ ತರಬೇತಿ ಮುಗಿಸಿ ಬಂದವರಿಗೆ ಮರುದಿನದ ನೋಟಿಸುಗಳಿಗೆ ಸಹಿ ಹಾಕಲು ಕೈ ಬರುವುದಿಲ್ಲ.

10. ವಾರಂಟಿ

ಈ ಉಪಕರಣಕ್ಕೆ ಸೇವೆಗೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಪೂರ್ಣ ವಾರಂಟಿ ಇದೆ. ಬಳಕೆಯಿಂದಾದ ನಷ್ಟವನ್ನು ಉಪಕರಣ ಬಳಸದ ಮೂರನೆಯವರು, ಅಂದರೆ ಬಿತ್ತನೆ ಮಳೆ ಕಳೆದುಕೊಂಡ ಹನುಮಂತಪ್ಪನವರಂಥವರು, ಭರಿಸುತ್ತಾರೆ. ಅವರಿಗೆ 500 ರೂಪಾಯಿ ಮೀರದ ಪರಿಹಾರ ಲಭ್ಯ.

ಕೆಳಗಿನ ಸಂದರ್ಭಗಳಲ್ಲಿ ವಾರಂಟಿ ತಾನಾಗಿಯೇ ರದ್ದಾಗುತ್ತದೆ:

(ಅ) ಯಾರಾದರೂ ಟಿಪ್ಪಣಿಯಲ್ಲಿ “ತಿದ್ದಬೇಕು ಎಂಬುದು ನನ್ನ ಅಭಿಪ್ರಾಯ, ಕಾರಣ ಹೀಗಿದೆ” ಎಂದು ಬರೆದು ಓದಲು ಬರುವ ಹಾಗೆ ಸಹಿ ಮಾಡಿದರೆ.

(ಆ) ಲಂಚದ ತಪ್ಪು, ಉಡಾಫೆಯ ತಪ್ಪು, ಪ್ರಯತ್ನದ ತಪ್ಪು ಈ ಮೂರಕ್ಕೂ ಒಂದೇ ನಮೂನೆಯ ನೋಟಿಸು ಕೊಡುವುದನ್ನು ಮೇಲಧಿಕಾರಿ ನಿಲ್ಲಿಸಿದರೆ.

(ಇ) ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ತಪ್ಪಾದ ಕಡತಗಳ ಜೊತೆಗೆ, ತಪ್ಪಾದೀತೆಂದು ಮುಟ್ಟದೆ ಬಿಟ್ಟ ಕಡತಗಳನ್ನೂ ಎಣಿಸಲು ಶುರುಮಾಡಿದರೆ.

(ಈ) ಬೀಳ್ಕೊಡುಗೆ ಸಮಾರಂಭದಲ್ಲಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, “ಇವರ ಸೇವೆಯಲ್ಲಿ ಒಂದೇ ಒಂದು ಕಪ್ಪುಚುಕ್ಕೆ ಇಲ್ಲ” ಎಂದು ಹೊಗಳುತ್ತಿರುವಾಗ, ಹಿಂದಿನ ಸಾಲಿನಲ್ಲಿ ಕೂತ ಹೊಸ ಎಸ್‌ಡಿಎ ಎದ್ದುನಿಂತು, “ಹಂಗಾದ್ರೆ ಮೂವತ್ತು ವರ್ಷ ಇವರು ಏನ್ ಕೆಲ್ಸ ಮಾಡಿದ್ರು ಸಾರ್?” ಎಂದು ಕೇಳಿದರೆ.